ಗಡುವು ಮೀರಿದ ಬೆಳಕು

ವಾರ್ಡೋದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಸವೆದ ಮೇಲೇ ಏಳುವುದು.
ಗೊತ್ತಿದ್ದೂ ಹೂಂ ಅಂದೆ,
ಮರಳುಗಾಡಿನ ಪ್ರಾಣಿಯೊಂದನ್ನು ಮನೆಗೆ ತರಲು.
ಮಗ ಕೇಳಿದಾಗ ಏಡಿ ಕಾರ್ಖಾನೆಯಿಂದ ಆಗಷ್ಟೇ ಬಂದು
ಬೂಟು ಬಿಚ್ಚುತ್ತಿದ್ದೆ.
ಬೂಟು ಬಿಚ್ಚುವಾಗ ಯಾರು ಏನು ಕೇಳಿದರೂ
ನಾನು ಹೂಂ ಅನ್ನುತ್ತೇನೆ.

ಹೀಗೆ ಬಂತು ಗಡ್ಡದ ಓತಿಕ್ಯಾತ.
ಗಡ್ಡ ನೋಡಿ ಎಯ್ಲಿಫ್ ಇಟ್ಟ ಹೆಸರು ಬಿಷಪ್.
ಆಸ್ಟ್ರೇಲಿಯದ ಕೆಂಪು ಮಣ್ಣು ಅದು ಕಂಡದ್ದಲ್ಲ,
ಅದರ ಅಜ್ಜಿಯೂ ಕಂಡದ್ದಲ್ಲ; ಹುಟ್ಟಿದ್ದು
ಯಾರದೋ ನೆಲಮಾಳಿಗೆಯಲ್ಲಿ, ವಾಷಿಂಗ್ ಮಷೀನಿನ ಪಕ್ಕ.
ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುತ್ತಾರೆ.
ಇದಕ್ಕೆ ಬೇಲಿಯೂ ಇಲ್ಲ, ನಾಲ್ಕು ಕಡೆ ಗಾಜು.

ಮೊದಲು ಕೊಂಡದ್ದು ಸುರುಳಿ ಬಲ್ಬು. ಅಗ್ಗವಿತ್ತು.
ಅಕ್ಟೋಬರಿನಲ್ಲಿ ಅದರ ಕಾಲ್ಬೆರಳು ನಡುಗಿದವು.

ಕಿರ್ಕೆನೆಸ್‌ನ ಪಶುವೈದ್ಯೆ ಫೋನಿನಲ್ಲಿ:
ದವಡೆ ಒತ್ತಿ ನೋಡಿ. ರಬ್ಬರಿನ ಹಾಗಿದೆಯಾ?
ಒತ್ತಿದೆ. ಸ್ವಲ್ಪ, ಅಂದೆ.
ಶಾಖ ಬೇರೆ, ಬೆಳಕು ಬೇರೆ,
ಮೂಳೆಗೆ ಬೇಕಾದ್ದು ಮೂರನೆಯದು, ಕಣ್ಣಿಗೆ ಕಾಣದ್ದು.
ಉದ್ದ ಕೊಳವೆ ದೀಪ ತರಿಸಿ,
ಜಾಲರಿಯ ಮೇಲಿಟ್ಟರೆ ಜಾಲರಿಯೇ ಅಷ್ಟು ತಿಂದುಬಿಡುತ್ತೆ,
ಒಳಗೆ ಕಟ್ಟಿ, ಬೆನ್ನಿಂದ ಒಂದೂವರೆ ಗೇಣು ಮೇಲೆ.
ಮೇ ತಿಂಗಳಿಗೆ ಬದಲಿಸಿ. ಉರಿಯುತ್ತಿದ್ದರೂ ಬದಲಿಸಿ.
ಉರಿಯುತ್ತಿದ್ದರೂ?
ಉರಿಯುತ್ತಲೇ ಇರುತ್ತೆ. ಕೊಡುವುದನ್ನು ನಿಲ್ಲಿಸಿರುತ್ತೆ.

ಈ ಮಾತಿಗೆ ನನಗೆ ಒಬ್ಬಿಬ್ಬರು ಗಂಡಸರು ನೆನಪಾದರು.
ವೈದ್ಯೆಗೆ ಹೇಳಲಿಲ್ಲ.

ಮೂರು ದಿನ ಬಿರುಗಾಳಿ. ಹಡಗು ದಡ ಮುಟ್ಟದೆ
ನಮ್ಮ ಕೊಳವೆಯನ್ನು ಹೊತ್ತು ಮುಂದಿನೂರಿಗೆ ಹೋಯಿತು,
ಮರಳಿ ಬಂದಾಗ ಹಿಮದ ಕಡ್ಡಿ ಹಿಡಿದಂತೆ
ಎರಡೂ ಕೈಯಲ್ಲಿ ಹಿಡಿದು ಮನೆಗೆ ನಡೆದೆ.

ಪುಡಿಯದು ಬೇರೆ ರಾಮಾಯಣ. ಎರಡು ಡಬ್ಬಿ:
ಬರೀ ಕ್ಯಾಲ್ಸಿಯಂ, ದಿನಾ;
ಡಿ-ತ್ರೀ ಬೆರೆತದ್ದು ವಾರಕ್ಕೆ ಎರಡೇ ಸಲ, ಹೆಚ್ಚಾದರೆ ಅದೂ ವಿಷ.
ಇಡೀ ದಿನ ಚಿಪ್ಪಿನ ರಾಶಿಯಲ್ಲಿ ನಿಲ್ಲುವವಳು
ದುಡ್ಡು ಕೊಟ್ಟು ಸುಣ್ಣ ಕೊಳ್ಳುತ್ತೀಯಲ್ಲೇ, ಅಂತ ಡೈವಾ ನಕ್ಕಳು.
ಅವಳು ಲಿಥುವೇನಿಯದವಳು, ಏಡಿಯ ಕಾಲು ಮುರಿಯುವುದರಲ್ಲಿ ನನಗಿಂತ ಚುರುಕು.
ಲೋಕದಲ್ಲಿ ಬೆಣ್ಣೆ ಯಾರಿಗೋ; ಬಿಷಪ್‌ಗಂತೂ ಸುಣ್ಣವೇ ಪ್ರೀತಿ.

ಪ್ಲಾಸ್ಟಿಕ್ ಚೀಲದಲ್ಲಿ ಪುಡಿ, ಅದರೊಳಗೆ ಚಿಮ್ಮಂಡೆಗಳು.
ಎಯ್ಲಿಫ್ ಕುಲುಕುತ್ತಾನೆ. ಗಿರಣಿಯಿಂದ ಬಂದವರಂತೆ
ಮೈಯೆಲ್ಲ ಬಿಳಿಯಾಗಿ, ತಬ್ಬಿಬ್ಬಾಗಿ, ಹೊರಬರುತ್ತವೆ.
ಆಮೇಲೆ ಅವನ ಸರದಿ: ಹೆಸರಲ್ಲಿ ರ್ ಇರುವ ತಿಂಗಳೆಲ್ಲ
ಬೆಳಿಗ್ಗೆ ಒಂದು ಚಮಚ ಮೀನೆಣ್ಣೆ.
ಮೂಗು ಹಿಡಿದು ನುಂಗುತ್ತಾನೆ, ಬಿಷಪ್ ನೋಡುತ್ತಿರುತ್ತದೆ.

ಡಿಸೆಂಬರಿನಲ್ಲಿ ಊರಿಗೆಲ್ಲ ಇರುಳು.
ನಮ್ಮ ಅಡುಗೆಮನೆಗೆ ಮಾತ್ರ ಏಳಕ್ಕೆ ಬೆಳಗು,
ಟೈಮರ್ ಟಕ್ ಅನ್ನುತ್ತದೆ.
ಹೆಣಿಗೆ ಹಿಡಿದು ಪೆಟ್ಟಿಗೆಯ ಹತ್ತಿರ ಕೂತೆ,
ಮರುದಿನ ಕುರ್ಚಿಯನ್ನೇ ಅಲ್ಲಿಗೆ ಎಳೆದುಕೊಂಡೆ.
ದವಡೆ ಗಟ್ಟಿಯಾಗುತ್ತಿತ್ತು. ಅದರದು.

ಜನವರಿಯಲ್ಲಿ ಕೋಟೆಯಿಂದ ಫಿರಂಗಿ ಹಾರಿತು:
ಸೂರ್ಯ, ಪೂರ್ತಿ, ದುಂಡಗೆ. ಶಾಲೆಗೆ ರಜೆ.
ಸದ್ದಿಗೆ ಬಿಷಪ್‌ನ ಗಡ್ಡ ಕಪ್ಪಗಾಯಿತು.
ಎಯ್ಲಿಫ್ ಅದನ್ನು ಎತ್ತಿ ಕಿಟಕಿಗೆ ಹಿಡಿದ.

ಗಾಜು ಬಿಡಲ್ಲ ಕಣೋ, ಅಂದೆ. ಬಿಟ್ಟರೂ
ಈ ತಿಂಗಳ ಸೂರ್ಯನ ಜೇಬಲ್ಲಿ ಏನೂ ಇಲ್ಲ.
ಗೊತ್ತು, ಅಂದ. ನೋಡಲಿ ಅಂತ.

ಅದು ಮೈಯನ್ನು ರೊಟ್ಟಿಯಷ್ಟು ಅಗಲ ಮಾಡಿಕೊಂಡು
ಒಂದು ಕಣ್ಣು ಮುಚ್ಚಿ
ಆ ಖಾಲಿ ಬೆಳಕಿಗೆ ಬೆನ್ನು ಕೊಟ್ಟಿತು.

ನನ್ನ ಕೈ ಕಿಟಕಿಯ ಚಿಲಕದ ಮೇಲಿತ್ತು.
ಹೊರಗೆ ಮೈನಸ್ ಏಳು.